ಸಿಹಿನೀರ ಕೆರೆಗೆ ಬಂದ ಬೀಗರು

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಮೇಲೆತ್ತಿಕೊಂಡೇ ಕೂರುತ್ತಿದ್ದೆ. ‘ನಿನ್ನ ಕಾಲಾಗ ಚಕ್ರ ಅದಾವ. ತಾಟಿನ್ಯಾಗಿನ ರೊಟ್ಟಿ ಎಲ್ಲೂ ಓಡಿ ಹೋಗೂದಿಲ್ಲ, ಸರಿಯಾಗಿ ಕೂಡು’ ಎಂದು ಅವ್ವ ಬೈಯುತ್ತಿದ್ದಳು. ಇಂಥವನಿಗೆ ಸರಕಾರ ಕೊಟ್ಟ ಕೆಲಸವೆಂದರೆ ಕೆರೆಯ ದಂಡೆಯ ಮೇಲೆ ಕೂತು ಮೀನುಗಳು ಆರಾಮವಾಗಿವೆಯೋ ಇಲ್ಲವೋ ನೋಡುವುದು.

ನಮ್ಮದು ನರೇಗಲ್ಲಿನ ಮನೆ. ಸೋಮವಾರ ಉಳ್ಳಾಗಡ್ಡಿ ಕೂಡ ಹೆಚ್ಚದ ಮಂದಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮ್ಯಾಟ್ರಿಕ್ಕೂ ಪಾಸಾಗಿ, ಸಿಕ್ಕ ಸಿಕ್ಕ ಖಾತೆಗೆಲ್ಲ ಅರ್ಜಿ ಗುಜರಾಯಿಸಿದ್ದೆ. ಮೊದಲು ಕರೆ ಬಂದದ್ದು ಮೀನಿನ ಖಾತೆಯಿಂದ. ಆಗಿನ್ನೂ ನಮ್ಮ ಭಾಗಕ್ಕೆ ಮುಂಬಯಿ ಸರಕಾರವೇ. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ‘ಮಂದಿ ಮಕ್ಕಳು ಮನಶ್ಯಾರ ನಾಡಿ ನೋಡತಾರ, ದನದ ನಾಡಿ ನೋಡತಾರ. ನನ್ನ ಮಗ ಮೀನದ ನಾಡಿ ನೋಡಾಂವ’ ಎಂದು ನಕ್ಕುಬಿಟ್ಟಳು. ಆದರೆ ತಿರುಗಾಟದಿಂದ ಬಂದ ದಿನ ಹಿತ್ತಲಲ್ಲಿ ತಲೆಮೇಲೆ ನೀರು ಹಾಕಿಕೊಳ್ಳದೆ ಒಳಗೆ ಬಿಡುತ್ತಿರಲಿಲ್ಲ.

ರೋಣ, ನರಗುಂದ, ಗಜೇಂದ್ರಗಡ ನನ್ನ ಸುತ್ತು. ಒಂದು ಸೈಕಲ್ಲು, ಒಂದು ಬೀಸುಬಲೆ, ಜೇಬಿನಲ್ಲಿ ಮಡಚುವ ಭೂತಗನ್ನಡಿ. ಮಂದಿ ನನಗೆ ಮೀನದ ಸಾಹೇಬ ಎಂದು ಹೆಸರಿಟ್ಟಿದ್ದರು. ಸಾಹೇಬನಿಗೆ ಕೆಲಸಕ್ಕೆ ಸೇರುವ ತನಕ ಮೀನಿನ ಮುಖ ಗೊತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ತರಬೇತಿಯಲ್ಲಿ ಕಲಿಸಿದ್ದು ಬಹಳವೇನಲ್ಲ, ಆದರೆ ಇಂದಿಗೂ ಮರೆತಿಲ್ಲ. ದಂಡೆಯ ಮೇಲೆ ನಿನ್ನ ನೆರಳು ಬಿದ್ದ ಕೂಡಲೇ ಮೀನು ಓಡಬೇಕು. ಕೈಯಲ್ಲಿ ಅಡ್ಡ ಹಿಡಿದರೆ ಬಾಲ ಬಿಚ್ಚಿಕೊಂಡು ನೆಟ್ಟಗೆ ನಿಲ್ಲಬೇಕು, ಒದ್ದೆ ಅರಿವೆಯಂತೆ ಜೋತು ಬೀಳಬಾರದು. ಕಿವಿರಿನ ಮುಚ್ಚಳ ಎತ್ತಿ ನೋಡಿದರೆ ಒಳಗೆ ಕೆಂಪಗಿರಬೇಕು. ಬಿಳಚಿಕೊಂಡಿದ್ದರೆ, ಲೋಳೆ ಕಟ್ಟಿದ್ದರೆ ರೋಗ. ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣು. ಮೀನನ್ನು ಹಿಡಿದು ಒಂದು ಮಗ್ಗುಲಿಗೆ ಹೊರಳಿಸಿದರೆ, ಆರೋಗ್ಯವಾಗಿರುವ ಮೀನಿನ ಕಣ್ಣು ತಾನೂ ಹೊರಳಿ ಮೊದಲಿನ ಮಟ್ಟದಲ್ಲೇ ನೋಡುತ್ತದೆ. ಮೈ ವಾಲಿದರೂ ನೋಟ ವಾಲುವುದಿಲ್ಲ. ರೋಗ ಹೊಕ್ಕ ಮೀನಿನ ಕಣ್ಣು ಮೈಯ ಜೊತೆಗೇ ವಾಲಿಬಿಡುತ್ತದೆ.

ನಾನು ಹೇಳಬೇಕಾದ ಊರು ಸವಡಿಯ ಆಚೆ, ಎರೆಹೊಲಗಳ ನಡುವೆ ಇದೆ. ಹೆಸರು ಹೇಳುವುದಿಲ್ಲ. ಅಲ್ಲಿಯ ಬಾವಿಗಳ ನೀರೆಲ್ಲ ಸವಳು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಕುಡಿಯಲಿಕ್ಕೆ ಒಂದೇ ಕೆರೆ. ಆ ಕೆರೆಗೆ ಯಾರೂ ಕಾಲಿಡುವಂತಿಲ್ಲ. ಚಪ್ಪಲಿ ಏರಿಯ ಆಚೆಗೇ ಬಿಡಬೇಕು. ಹೆಂಗಸರು ಬೂದಿ ಹಚ್ಚಿ ಬೆಳಗಿದ ಕೊಡ ತಂದು, ಕಲ್ಲಿನ ಪಾವಟಿಗೆ ಇಳಿದು, ಕೊನೆಯ ಮೆಟ್ಟಿಲಲ್ಲಿ ಬಗ್ಗಿ ತುಂಬಿಕೊಳ್ಳಬೇಕು. ದನಕ್ಕೆ ಬೇರೆ ಹೊಂಡ, ಬಟ್ಟೆಗೆ ಬೇರೆ ಹಳ್ಳ. ಬೇರೆ ಕೆರೆಗಳೆಲ್ಲ ಚೈತ್ರಕ್ಕೇ ಬಿರಿಯುತ್ತಿದ್ದವು. ಇದೊಂದು ಮಾತ್ರ ಮಳೆಗಾಲದ ತನಕ ತಡೆಯುತ್ತಿತ್ತು. ಹೀಗಾಗಿ ಮೀನುಮರಿ ಬಿಡಲು ಖಾತೆಯವರು ಅದನ್ನೇ ಆರಿಸಿದ್ದರು.

ಶ್ರಾವಣದಲ್ಲಿ ಒಂದು ದಿನ, ಬಂಗಾಲದ ಹೊಳೆಗಳಲ್ಲಿ ಹಿಡಿದು ರೈಲಿನಲ್ಲಿ ಗದಗಕ್ಕೆ ಬಂದಿಳಿದ ಮರಿಗಳನ್ನು ತಗಡಿನ ಡಬ್ಬಿಗಳಲ್ಲಿ ತುಂಬಿಕೊಂಡು ಆ ಊರಿಗೆ ಹೋದೆ. ಕಾಟ್ಲಾ, ರೋಹು ಜಾತಿಯವು, ಕಿರುಬೆರಳಿನಷ್ಟು ಉದ್ದ. ಊರೆಲ್ಲ ಏರಿಯ ಮೇಲೆ ನಿಂತಿತ್ತು. ಊರಿನ ಹಿರಿಯರಾದ ಗೌಡರು ಹೆಗಲ ಟವೆಲು ತೆಗೆದು ಮತ್ತೆ ಹಾಕಿಕೊಂಡು, ‘ಕುಡಿಯೂ ನೀರಾಗ ಮೀನ ಯಾಕ್ರಿ?’ ಎಂದರು. ಸೊಳ್ಳೆಯ ಮರಿ ತಿನ್ನುತ್ತವೆ, ನೀರು ಚಲೋ ಇಡುತ್ತವೆ ಎಂದೆಲ್ಲ ಕಲಿತ ಪಾಠ ಒಪ್ಪಿಸಿದೆ. ಒಬ್ಬರ ಮುಖವೂ ಸಡಿಲಾಗಲಿಲ್ಲ. ನನಗೋ ಗಡಿಬಿಡಿ. ಮರಿಗಳು ಡಬ್ಬಿಯಲ್ಲಿ ಬೇಯುತ್ತಿವೆ, ರೋಣಕ್ಕೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ. ಪಾವಟಿಗೆಯ ಮೇಲೆ ಕೊಡ ಹಿಡಿದು ನಿಂತಿದ್ದ ಹೆಂಗಸರ ಕಡೆ ತಿರುಗಿದೆ.

‘ಯವ್ವಾ, ಇವು ನಿಮ್ಮೂರಿಗೆ ಬಂದ ಬೀಗರಂತ ತಿಳೀರಿ. ಭಾಳ ದೂರದಿಂದ ಬಂದಾವ. ಬಾಯಿ ತಕ್ಕೊಂಡ ಮ್ಯಾಲ ಬಂದ್ರ ಹಸದಾವ ಅಂತ ತಿಳದು ಒಂದ ತುತ್ತ ರೊಟ್ಟಿ ಹಾಕ್ರಿ.’

ಹೆಂಗಸರು ನಕ್ಕರು. ಹೆಂಗಸರು ನಕ್ಕ ಮೇಲೆ ಗಂಡಸರೂ ನಕ್ಕರು. ಡಬ್ಬಿ ಬಗ್ಗಿಸಿದೆ, ಬಸ್ಸು ಹಿಡಿದೆ. ಎಲುಬಿಲ್ಲದ ನಾಲಿಗೆ, ಅಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಆ ಊರಲ್ಲಿ ಮಾತೆಂದರೆ ಮಾತು. ಏರಿಯ ಬುಡದಲ್ಲೇ ಮನೆಯಿದ್ದ ಒಬ್ಬ ಮುದುಕಿ, ಎಲ್ಲರೂ ಆಯಿ ಎನ್ನುತ್ತಿದ್ದರು, ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಕೊಡ ತರುತ್ತಿದ್ದಳು. ಮೊದಲ ತುತ್ತು ಅವಳದೇ. ಸೆರಗಿನಲ್ಲಿ ಕಟ್ಟಿ ತಂದ ಜೋಳದ ರೊಟ್ಟಿಯನ್ನು ಪುಡಿಮಾಡಿ ಹಾಕಿ, ಮೀನುಗಳು ಬಂದು ತಿಂದ ಮೇಲೆಯೇ ನೀರು ತುಂಬುವಳು. ದೀಪಾವಳಿಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ತರತೊಡಗಿದ್ದರು. ಅಮಾವಾಸ್ಯೆಗೆ ಕಡುಬು, ಹುಣ್ಣಿಮೆಗೆ ಹೋಳಿಗೆ. ಮನೆಗೆ ಬೀಗರು ಬಂದರೆ, ‘ಕೆರಿಯಾಗಿನ ಬೀಗರಿಗೂ ಒಂದ ಎಡಿ ತಗೀರಿ’ ಎಂಬ ಚೇಷ್ಟೆ ಬೇರೆ. ತಿಂಗಳಿಗೊಮ್ಮೆ ಹೋಗುತ್ತಿದ್ದ ನಾನು ಗೇಣುದ್ದ ಬೆಳೆದ ಮೀನುಗಳು ಮೆಟ್ಟಿಲಿಗೆ ಮುತ್ತಿಕೊಳ್ಳುವುದನ್ನು ನೋಡಿ ವರದಿಯಲ್ಲಿ ‘ಗ್ರಾಮಸ್ಥರ ಸಹಕಾರ ಉತ್ತಮ’ ಎಂದು ಬರೆದೆ.

ಬೇಸಿಗೆಯಲ್ಲಿ, ನಾನು ನರಗುಂದದಲ್ಲಿದ್ದಾಗ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಬಂತು. ಮೀನು ಮುಂಜಾನೆ ಬಾಯಿ ಬಿಡುತ್ತಿವೆ, ನೀರು ವಾಸನೆ ಹೊಡೆಯುತ್ತಿದೆ, ಲಗೂ ಬರಬೇಕು ಎಂದು ಗೌಡರು ಬರೆಸಿದ್ದರು. ಯಾವಗಲ್ಲ ಎಂಬ ಊರಿನ ಮೇಲೆ ಹಾದು ಬಸ್ಸಿನಲ್ಲಿ ರೋಣ, ರೋಣದಿಂದ ಸೈಕಲ್ಲು.

ಗೌಡರು ನೀರು ಕೊಟ್ಟರು, ಬೆಲ್ಲ ಕೊಟ್ಟರು. ಆಮೇಲೆ ಹೇಳಿದರು. ‘ನಾಡದ ಮುಂಜಾನೆ ಊರ ಮಂದಿ ಕೂಡತೈತಿ. ಅವಕ್ಕ ರೋಗ ಐತೋ ಇಲ್ಲೋ ಒಂದ ಮಾತ ಹೇಳ್ರಿ. ಐತಿ ಅಂದ್ರ ಎಲ್ಲಾ ತಗಿಸಿ ಒಗಸ್ತೀನಿ. ಇಲ್ಲ ಅಂದು ಮುಂದ ಅವು ಸತ್ತು ತೇಲಿದ್ರ ಊರಿಗೆ ಕುಡ್ಯಾಕ ನೀರಿಲ್ಲ. ಮಳಿ ಇನ್ನಾ ತಿಂಗಳ ಮ್ಯಾಲ ಐತಿ.’

‘ಒಂದ ಸಲ ಬಲಿ ಬೀಸಿ ನೋಡ್ತೀನ್ರಿ ಗೌಡ್ರ’ ಎಂದೆ.

‘ಈ ನೀರಿಗೆ ಬಲಿ ಬೀಳಂಗಿಲ್ರಿ. ಬಿದ್ರ ಕಡೀ ಸಲ ಬೀಳಬೇಕು. ಬರೇ ನೋಡಾಕಂತ ಬೀಳಂಗಿಲ್ಲ.’

ಮರುದಿನ ಕೋಳಿ ಕೂಗುವ ಹೊತ್ತಿಗೆ ದಂಡೆಯಲ್ಲಿದ್ದೆ. ಕೆರೆ ಬತ್ತಿ ಮಡುವಿನಷ್ಟಾಗಿತ್ತು. ಮೀನುಗಳೆಲ್ಲ ಮೇಲ್ಗಡೆ ಬಂದು ಗಾಳಿ ನುಂಗುತ್ತಿದ್ದವು. ಬೆಳಕು ಹರಿದು ನನ್ನ ನೆರಳು ಬಿದ್ದರೂ ಓಡಲಿಲ್ಲ. ರಾತ್ರಿ ನೀರಿನ ಉಸಿರು ಕುಗ್ಗುತ್ತದೆ, ಬಿಸಿಲಿಗೆ ಮತ್ತೆ ಕೂಡುತ್ತದೆ. ಲೆಕ್ಕ ಸರಳವಾದದ್ದು: ಬಿಸಿಲೇರಿದ ಮೇಲೆ ಕೆಳಗಿಳಿದರೆ ದೋಷ ನೀರಿನದು, ಮಧ್ಯಾಹ್ನದ ತನಕವೂ ಮೇಲೆಯೇ ಉಳಿದರೆ ಕಿವಿರಿನ ರೋಗ. ಸುಮ್ಮನೆ ಕೂತು ಕಾಯಬೇಕು, ಅಷ್ಟೇ. ನನಗೆ ಆಗದ್ದೂ ಅಷ್ಟೇ. ಕೂತೆ, ಎದ್ದೆ, ಏರಿಯ ಈ ತುದಿಯಿಂದ ಆ ತುದಿಗೆ ನಡೆದೆ. ನಾನು ‘ರೋಗ’ ಎಂದರೆ ಇಷ್ಟೂ ಜೀವ ಹೋಗುತ್ತದೆ. ‘ಇಲ್ಲ’ ಎಂದು ತಪ್ಪಿದರೆ ಊರಿನ ನೀರು ಹೋಗುತ್ತದೆ. ಬಿಸಿಲು ಆಳೆತ್ತರ ಬಂದಾಗ ಅರ್ಧ ಮೀನು ಇಳಿದವು, ಅರ್ಧ ಇಳಿಯಲಿಲ್ಲ. ದೇವರು ಕೂಡ ಒಂದು ಸೀದಾ ಉತ್ತರ ಕೊಡಬಾರದೇ ಎಂದು ಸಿಟ್ಟು ಬಂತು.

ಅಷ್ಟರಲ್ಲಿ ಹೆಂಗಸರು ನೀರಿಗೆ ಬಂದಿದ್ದರು. ಒಬ್ಬಳು ಮೆಟ್ಟಿಲ ಮೇಲೆ ನಿಂತು, ‘ಪಾಪ, ಎಷ್ಟ ಬಾಯಿ ಬಿಡಾಕತ್ತಾವ ನೋಡ. ನಿನ್ನಿಗಿಂತ ಇವತ್ತ ಜಾಸ್ತಿ ಹಸದಾವ’ ಎಂದಳು. ಸೆರಗು ಬಿಚ್ಚಿ ಇಡೀ ರೊಟ್ಟಿ ಮುರಿದು ಹಾಕಿದಳು. ಹಿಂದಿನವಳೂ ಹಾಕಿದಳು. ಅವಳ ಹಿಂದಿನವಳೂ. ಮೀನು ತಿನ್ನಲಿಲ್ಲ. ರೊಟ್ಟಿ ನೆನೆದು ಕೆಳಗಿಳಿಯಿತು.

ನಾನು ನಿಂತಲ್ಲೇ ನಿಂತೆ. ಬಾಯಿ ತೆರೆದು ಮೇಲೆ ಬಂದರೆ ಹಸಿವು ಎಂದು ಅವರಿಗೆ ಹೇಳಿದವನು ಯಾರು?

ಆದರೂ ಮೀನನ್ನು ಕೈಯಲ್ಲಿ ಹಿಡಿದು ನೋಡದೆ ಗಟ್ಟಿ ಹೇಳುವಂತಿರಲಿಲ್ಲ. ಹೆಂಗಸರೆಲ್ಲ ಹೋದ ಮೇಲೂ ಆಯಿ ಒಬ್ಬಳೇ ಮೆಟ್ಟಿಲ ಮೇಲೆ ಉಳಿದಿದ್ದಳು. ನನ್ನ ತೊಂದರೆ ಹೇಳಿದೆ.

‘ಬಲಿ ಬ್ಯಾಡ ಅಂದಾರ. ಕೊಡಾ ಬ್ಯಾಡ ಅಂದಿಲ್ಲಲ್ಲ’ ಎಂದಳು. ತಾಮ್ರದ ಕೊಡವನ್ನು ಮೆಲ್ಲಗೆ ಅಡ್ಡ ಮುಳುಗಿಸಿ, ನೀರು ಸೇದುವಂತೆಯೇ ಒಂದು ಮೀನನ್ನು ಸೇದಿಕೊಂಡಳು. ‘ಹ್ಞೂಂ, ನೋಡ ತಮ್ಮಾ. ಲಗೂ ನೋಡ, ಅದಕ್ಕ ಇಕ್ಕಟ್ಟಾಗತೈತಿ.’

ಪಾವಟಿಗೆಯ ಮೇಲೆ ಕೊಡ ಇಟ್ಟುಕೊಂಡು ಕೈಹಾಕಿದೆ. ಅಡ್ಡ ಹಿಡಿದೆ, ಬಾಲ ಬೀಸಣಿಕೆಯಂತೆ ಬಿಚ್ಚಿ ನಿಂತಿತು. ಕಿವಿರು ಎತ್ತಿದೆ, ದಾಸವಾಳದ ಕೆಂಪು. ಭೂತಗನ್ನಡಿ ಹಿಡಿದು ಮೈಮೇಲಿನ ಹುರುಪೆಗಳ ಸಾಲಿನಲ್ಲಿ ಮೀನಿಗೆ ಹತ್ತುವ ಹೇನು ಹುಡುಕಿದೆ, ಒಂದೂ ಇಲ್ಲ. ಕೊನೆಗೆ ಮೈಯನ್ನು ಹೊರಳಿಸಿದೆ. ಕಪ್ಪು ಕಣ್ಣು ನಿಧಾನವಾಗಿ ಹೊರಳಿ ಮೊದಲಿನ ಮಟ್ಟಕ್ಕೆ ಬಂದು ನಿಂತಿತು. ಆಯಿಯೂ ಬಗ್ಗಿ ನೋಡಿದಳು. ಇನ್ನೂ ಮೂರು ಮೀನು ಸೇದಿಸಿ ನೋಡಿದೆ. ನಾಲ್ಕೂ ಗಟ್ಟಿ.

ಮೀನಿಗೆ ರೋಗವಿರಲಿಲ್ಲ, ನೀರಿಗಿತ್ತು. ಉದ್ದನೆಯ ಬಿದಿರಿನ ಕೋಲಿನ ತುದಿಗೆ ತೆಂಗಿನ ಚಿಪ್ಪು ಕಟ್ಟಿ ತಳದ ಕೆಸರು ಕೆರೆದು ತೆಗೆದೆ. ಮಸಿಯಂಥ ಕೆಸರು, ಮೂಗಿನ ಹತ್ತಿರ ತಂದರೆ ಹಳಸಿದ ಅಂಬಲಿಯ ವಾಸನೆ. ತಿಂಗಳುಗಟ್ಟಲೆ ಬಿದ್ದ ರೊಟ್ಟಿ, ಕಡುಬು, ಹೋಳಿಗೆ ತಳದಲ್ಲಿ ಕೊಳೆತು ನೀರಿನ ಉಸಿರನ್ನು ತಿಂದುಹಾಕುತ್ತಿತ್ತು. ಮೀನು ಉಸಿರು ಸಿಗದೆ ಬಾಯಿ ತೆರೆದಷ್ಟೂ ಊರು ರೊಟ್ಟಿ ಹಾಕುತ್ತಿತ್ತು. ಹಾಕಿದಷ್ಟೂ ಉಸಿರು ಕಡಿಮೆಯಾಗುತ್ತಿತ್ತು. ಬಿಡಿಸಿ ಹೇಳಿದೆ.

ಆಯಿ ಸೆರಗಿನಲ್ಲಿ ಉಳಿದಿದ್ದ ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ‘ಹಂಗಾರ ಇವನ್ನ ನಾವ ಕೊಲ್ಲಾಕತ್ತೀವೇನೋ ತಮ್ಮಾ?’

‘ಇನ್ನಾ ಸತ್ತಿಲ್ಲ ಆಯಿ. ಉಳಿಸಬಹುದು’ ಎಂದೆ. ‘ಹೇಳಿದಾಂವ ನಾನ’ ಎನ್ನಬೇಕಾಗಿತ್ತು. ಅನ್ನದೆ ಚಿಪ್ಪಿನ ಕೆಸರು ಒರೆಸತೊಡಗಿದೆ. ಅವಳೂ ಎತ್ತಲಿಲ್ಲ. ಮರೆತಿರಬೇಕು ಎಂದುಕೊಂಡೆ. ಮರೆತಿದ್ದರೆ ಒಳ್ಳೆಯದು ಎಂದೂ ಅಂದುಕೊಂಡೆ.

ಮರುದಿನ ಮುಂಜಾನೆ ಊರು ಏರಿಯ ಮೇಲೆ ಸೇರಿತು. ಮೀನು ಆರಾಮ ಅದಾವ, ರೊಟ್ಟಿ ನಿಲ್ಲಿಸಬೇಕು ಎಂದೆ. ನೀರಿಗೆ ಗಾಳಿ ಸೇರಬೇಕು. ಅದಕ್ಕೆ ಮಳೆ ಬರುವ ತನಕ ಪ್ರತಿಯೊಬ್ಬಳೂ ನಸುಕಿನಲ್ಲಿ ನಾಲ್ಕು ಕೊಡ ನೀರನ್ನು ಮೇಲಿನ ಮೆಟ್ಟಿಲಿನಿಂದ ಕೆರೆಗೇ ಸುರಿದು, ಐದನೆಯದನ್ನು ಮನೆಗೆ ಒಯ್ಯಬೇಕು ಎಂದೆ. ಮಂದಿ ತಲೆಯಾಡಿಸಿದರು. ಕೆಲಸ ಮುಗಿಯಿತು ಎಂದು ನಾನು ಸೈಕಲ್ಲಿನ ಕಡೆ ನೋಡುತ್ತಿದ್ದಾಗ ಗೌಡರು ಕೇಳಿದರು.

‘ಅಲ್ರಿ, ಈ ರೊಟ್ಟಿ ಹಾಕೂ ಬುದ್ಧಿ ಯಾರದು?’

ಯಾರನ್ನೂ ನೋಡಿ ಕೇಳಲಿಲ್ಲ. ಕೆರೆಯ ಕಡೆ ನೋಡುತ್ತ ಕೇಳಿದರು. ನಾನು ಬಾಯಿ ತೆರೆದರೆ ಸಾಕಿತ್ತು. ಹೇಳಿಬಿಟ್ಟರೆ, ‘ಅಂದು ತಪ್ಪು ಹೇಳಿದಾಂವ ಇಂದು ಖರೇ ಹೇಳ್ತಾನಂತ ಹ್ಯಾಂಗ ನಂಬೂದು’ ಎಂದಾರು, ಮೀನು ತೆಗೆಸಿಯಾರು ಎಂದು ಒಳಗೊಂದು ನ್ಯಾಯ ಹೊಸೆದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಖರೇ ಕಾರಣ ಅದಲ್ಲ. ನನಗೆ ಅಷ್ಟು ಮಂದಿಯ ಮುಂದೆ ಸಣ್ಣವನಾಗಲು ಮನಸ್ಸಿರಲಿಲ್ಲ. ಕಣ್ಣು ತಾನಾಗಿ ನೆಲಕ್ಕೆ ಹೋಯಿತು.

‘ನಂದು’ ಎಂದಳು ಆಯಿ. ‘ಮೊದಲ ಹಾಕಿದಾಕಿ ನಾನ. ನನ್ನ ನೋಡಿ ಉಳಿದವ್ರು ಹಾಕಿದ್ರು.’

ಗೌಡರು ಹೆಗಲ ಟವೆಲು ತೆಗೆದು ಮತ್ತೆ ಹಾಕಿಕೊಂಡರು. ಆಮೇಲೆ, ‘ಹಂಗಾರ ಕೆರಿ ತುಂಬೂತನಕ ನೀ ಪಾವಟಿಗಿ ಇಳೀಬ್ಯಾಡವಾ. ನಿನ್ನ ಕೊಡಾ ಯಾರರ ತುಂಬಿ ಕೊಡ್ತಾರ’ ಎಂದರು. ಆಯಿ ಹ್ಞೂಂ ಅಂದಳು. ನಾನು ಸೈಕಲ್ಲು ಹತ್ತಿದೆ.

ಒಂದು ವಾರದಲ್ಲಿ ಮೀನುಗಳು ಮುಂಜಾನೆ ಮೇಲೆ ಬರುವುದನ್ನು ನಿಲ್ಲಿಸಿದವು. ಒಂದೂ ಸಾಯಲಿಲ್ಲ. ಮೇಲಿನವರಿಂದ ಶಹಬಾಸ್‌ಗಿರಿಯ ಕಾಗದ ಬಂತು, ಕೆಲವು ದಿನ ನರಗುಂದದಲ್ಲೇ ಕೂತು ಮಾಡುವ ಕೆಲಸ ಬಂತು. ಅಲ್ಲಿ ನನ್ನ ಗತಿ ಕೇಳಬೇಡಿ. ಬರೆಯುತ್ತ ಎದ್ದು ಹೊರಗೆ ಹೋಗುತ್ತಿದ್ದೆ, ಹೊರಗೆ ನಿಂತು ಗುಡ್ಡ ನೋಡಿ ಮತ್ತೆ ಒಳಗೆ ಬರುತ್ತಿದ್ದೆ. ಸಂತೆಗೆಂದು ಹೊರಟವನು ಅರ್ಧ ದಾರಿಯಿಂದ ಖಾಲಿ ಚೀಲ ಹಿಡಿದು ತಿರುಗಿ ಬರುತ್ತಿದ್ದೆ. ಮನೆಗೆ ಹೋದರೆ ಅವ್ವ, ‘ಏನಾಗೇತಿ ನಿನಗ? ಮೊದಲ ಕಾಲಾಗ ಅಷ್ಟ ಚಕ್ರ ಇದ್ದು. ಈಗ ಕಣ್ಣಾಗೂ ಬಂದಾವ’ ಎಂದಳು. ನಾಚಿಕೆಯಾಗಿದೆ ಎಂದು ಅವಳಿಗೂ ಹೇಳಲಾಗಲಿಲ್ಲ.

ಮೃಗಶಿರ ಮಳೆ ಎರಡು ಸಲ ಬಿದ್ದ ಮೇಲೆ, ಯಾರೂ ಕಳಿಸದೆ ನಾನಾಗಿಯೇ ಹೋದೆ. ಎರೆಮಣ್ಣು ಗಾಲಿಗೆ ಮೆತ್ತಿ ಕೊನೆಯ ಎರಡು ಮೈಲು ಸೈಕಲ್ಲೇ ನನ್ನ ಹೆಗಲೇರಿತ್ತು. ಕೆರೆ ಅರ್ಧವೂ ತುಂಬಿರಲಿಲ್ಲ. ಆಯಿ ಏರಿಯ ಮೇಲೆ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದಳು, ಯಾರಾದರೂ ಬಂದು ತುಂಬಿಕೊಡಲಿ ಎಂದು. ಎದ್ದು ನಿಂತು ಕೆರೆಯ ಕಡೆ ಕತ್ತು ಚಾಚಿ ನೋಡುವಳು, ಮತ್ತೆ ಕೂರುವಳು. ಅಲ್ಲಿಂದ ನೀರಿನ ಹೊಳಪು ಕಾಣುತ್ತಿತ್ತೇ ಹೊರತು ಮೀನು ಕಾಣುತ್ತಿರಲಿಲ್ಲ.

‘ಆಯಿ, ರೊಟ್ಟಿ ಹಾಕ್ರಿ ಅಂದಾಂವ ನಾನು’ ಎಂದೆ. ನಿಂತಿದ್ದಂತೆಯೇ, ಸೈಕಲ್ಲು ಇಳಿಸುವ ಮೊದಲೇ.

‘ಗೊತ್ತೈತಲ್ಲ’ ಎಂದಳು. ‘ಅವು ಆರಾಮ ಅದಾವೇನು? ಕೇಳಿದ್ರ ಎಲ್ಲಾರೂ ಅದಾವ ಅಂತಾರ. ಯಾರೂ ಎತ್ತಿ ನೋಡಂಗಿಲ್ಲ.’

ಅವಳ ಕೊಡ ತೆಗೆದುಕೊಂಡು ಗೌಡರ ಮನೆಗೆ ಹೋದೆ. ಪಡಸಾಲೆಯಲ್ಲಿ ನಾಲ್ಕು ಮಂದಿ ಕೂತಿದ್ದರು. ಅವರ ಮುಂದೆಯೇ ಎಲ್ಲ ಹೇಳಿದೆ. ಶ್ರಾವಣದ ದಿನ ಹೆಂಗಸರಿಗೆ ಏನು ಹೇಳಿದೆ, ಏರಿಯ ಮೇಲೆ ಏನು ಹೇಳಲಿಲ್ಲ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚಲೋ ಇತ್ತು.

‘ನಮಗ ಗೊತ್ತಿತ್ರಿ’ ಎಂದರು ಗೌಡರು. ‘ನೀವು ಅಂದಾಗ ಊರೆಲ್ಲಾ ಅಲ್ಲೇ ಇತ್ತಲ್ಲ. ನಾನೂ ನಕ್ಕಿದ್ನಿ.’

‘ಮತ್ತ ಆ ದಿನ ಯಾಕ ಕೇಳಿದ್ರಿ?’

‘ನೀವ ಹೇಳ್ತೀರೇನು ಅಂತ ನೋಡಿದ್ನಿ. ಹೇಳಲಿಲ್ಲ. ಮನಿಗೆ ಬಂದವ್ರ ಮುಖಾ ಕೆಡಸಬಾರದು ಅಂತ ಆಕಿ ಮೈಮ್ಯಾಲ ಹಾಕ್ಕೊಂಡ್ಳು. ಆಕಿ ಹಾಕ್ಕೊಂಡ ಮ್ಯಾಲ ನಾ ಇಲ್ಲ ಅನ್ನಾಕ ಬರಂಗಿಲ್ಲ.’ ಎದ್ದು ನಿಂತು ಟವೆಲು ಹೆಗಲಿಗೆ ಹಾಕಿಕೊಂಡರು. ‘ಕೆರಿ ತುಂಬೂತನಕ ಅಂದಿದ್ನಿ. ತುಂಬೇತಿ ಅಂತ ತಿಳೀತೀನಿ. ಆಕಿ ಇಳೀಲಿ, ಹೋಗಿ ಹೇಳ್ರಿ. ಹೇಳಿ ಊಟಕ್ಕ ಬರ್ರಿ.’

ಆಯಿ ಮೆಟ್ಟಿಲು ಇಳಿದಳು. ಕೊಡ ಅಡ್ಡ ಮುಳುಗಿಸಿ ಒಂದು ಮೀನು ಸೇದಿದಳು. ನನ್ನ ಕೈಗೆ ಕೊಡಲಿಲ್ಲ. ಕೊಡದೊಳಗೆ ತಾನೇ ಕೈಹಾಕಿ ಮೀನನ್ನು ಹೊರಳಿಸಿ, ಕಣ್ಣು ಮಟ್ಟಕ್ಕೆ ಬರುವ ತನಕ ನೋಡಿ, ಮತ್ತೆ ನೀರಿಗೆ ಬಿಟ್ಟಳು.

ಗೌಡರ ಮನೆಯಲ್ಲಿ ತಾಟು ಇಟ್ಟಿದ್ದರು. ಕಟಿ ರೊಟ್ಟಿ, ಝುಣಕ, ಗಟ್ಟಿ ಮೊಸರು. ‘ತಗೋರಿ, ಸೈಕಲ್ಲ ಹೊತ್ತು ಹಸದು ಬಂದೀರಿ’ ಎಂದು ಒಳಗಿನಿಂದ ಯಾರೋ ಹೇಳಿದರು. ರೊಟ್ಟಿ ಮುರಿದು ತುತ್ತು ಎತ್ತಿದೆ. ಬಾಯಿ ತೆರೆಯಲು ಬಹಳ ಹೊತ್ತು ಹಿಡಿಯಿತು.